ಎಡ್ಡಿಸ್ಟೋನ್ ದೀಪಸ್ತಂಭದ ಕಲ್ಲಿನ ಮಾದರಿ: ಆರ್ಡರ್ ಕೊಡುವ ಮುಂಚೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕಡೆಯುವ ಶೆಡ್ ಒಂದು ಕಾಲೇಜುಗಳ ಸಿವಿಲ್ ಲ್ಯಾಬಿಗೆಂದು ಬಳಪದ ಕಲ್ಲಿನಲ್ಲಿ ಈ ಮಾದರಿ ಮಾಡಿಕೊಡುತ್ತಿದೆ. ಅಳತೆ 1:50, 22 ಮೀಟರಿನ ಗೋಪುರ ಇಲ್ಲಿ 44 ಸೆಂ.ಮೀ. ಬುಡದ ನಾಲ್ಕು ವರಸೆ (ಒಂದರ ಮೇಲೊಂದು ಕೂರಿಸಿದ ಕಲ್ಲಿನ ಸಾಲು) ಮಾತ್ರ ಬಿಡಿ ಕಲ್ಲು, ಮೇಲಿನದು ಒಂದೇ ತುಂಡು. ದುಡ್ಡು ಕೊಡುವುದೇ ಆ ನಾಲ್ಕು ವರಸೆಗೆ.

ಇಂಗ್ಲೆಂಡಿನ ಪ್ಲಿಮತ್ ಬಂದರಿನಾಚೆ ಕಡಲ ನಡುವಿನ ಎಡ್ಡಿಸ್ಟೋನ್ ಬಂಡೆಯ ಮೇಲೆ 1698ರಲ್ಲಿ ಎದ್ದ ವಿನ್‌ಸ್ಟನ್ಲಿಯ ಗೋಪುರವನ್ನು 1703ರ ಬಿರುಗಾಳಿ ಅವನ ಸಮೇತ ಕೊಚ್ಚಿಕೊಂಡು ಹೋಯಿತು. ಆಮೇಲೆ ಬಂದ ರಡ್ಯರ್ಡ್‌ನ ಮರದ ಗೋಪುರ 1755ರಲ್ಲಿ ಸುಟ್ಟುಹೋಯಿತು. ಗಾಳಿಗೂ ಬೆಂಕಿಗೂ ಜಗ್ಗದಂತೆ ಎಂಜಿನಿಯರ್ ಜಾನ್ ಸ್ಮೀಟನ್ ಕಲ್ಲಿಗೆ ಕೈ ಹಾಕಿದ; ಮಾದರಿ ಅವನ ಗೋಪುರದ್ದೇ. 1759ರಲ್ಲಿ 24 ಮೇಣದ ಬತ್ತಿಗಳಿಂದ ದೀಪ ಬೆಳಗಿತು.

ಮಾದರಿಯಲ್ಲಿ ನಡುಗಲ್ಲಿನ ನಾಲ್ಕು ಮಗ್ಗುಲಲ್ಲೂ ಡವ್‌ಟೇಲ್ ಕಚ್ಚು (ಪಾರಿವಾಳದ ಬಾಲದಂತೆ ತುದಿ ಅಗಲವಾದದ್ದು), ಅದಕ್ಕೆ ಸಿಕ್ಕಿಕೊಂಡ ಸುತ್ತುಗಲ್ಲು. ಕೆಲಸ ಅಚ್ಚುಕಟ್ಟು. ಕಲ್ಲನ್ನು ಪಕ್ಕಕ್ಕೆ ಎಳೆದರೆ ಮಿಸುಕುವುದಿಲ್ಲ, ನೇರ ಮೇಲಕ್ಕೆತ್ತಿದರೆ ಮಾತ್ರ ಬಿಡುತ್ತದೆ. ಓರೆಯಾಗಿ ಎತ್ತಿದರೆ ಕಚ್ಚಿನ ಮೂಲೆ ಚಕ್ಕೆ ಏಳುತ್ತದೆ. ಬಳಪದ ಕಲ್ಲು ಅಷ್ಟು ಮೆದು.

ಎಡವಟ್ಟು ಇರುವುದು ವರಸೆ ವರಸೆಯ ನಡುವೆ. ಸ್ಮೀಟನ್ ಅಲ್ಲಿ ಅಮೃತಶಿಲೆಯ ಗುಟ್ಟಗಳನ್ನು, ಅಂದರೆ ಚೌಕದ ಗೂಟಗಳನ್ನು, ಅರ್ಧ ಕೆಳಗಿನ ವರಸೆಗೆ, ಅರ್ಧ ಮೇಲಿನದಕ್ಕೆ ಕೂರಿಸಿದ್ದ. ಅಲೆಯ ಹೊಡೆತ ಅಡ್ಡಕ್ಕೆ ಬೀಳುವುದರಿಂದ ಅವಿಲ್ಲದಿದ್ದರೆ ಇಡೀ ವರಸೆಯೇ ಜಾರಬಹುದು. ಮಾದರಿಯಲ್ಲಿ ಗುಟ್ಟವೇ ಇಲ್ಲ, ಬೆರಳಲ್ಲಿ ತಳ್ಳಿದರೆ ವರಸೆ ತಿರುಗುತ್ತದೆ. ಪೀಠವೂ ಸಪಾಟು, ನಿಜದ ಬಂಡೆ ಇಳಿಜಾರು, ಅದನ್ನು ಮೆಟ್ಟಿಲಾಗಿ ಕಡಿದು ಕಲ್ಲು ಕೂರಿಸಿದ್ದರು. ಕೊನೆಗೆ ಕೈಕೊಟ್ಟದ್ದೂ ಗೋಪುರವಲ್ಲ, ಬಂಡೆ. ಅದರ ಅಡಿಯನ್ನು ಕಡಲು ಕೊರೆದು, ಅಲೆ ಬಡಿದಾಗಲೆಲ್ಲ ಗೋಪುರ ಅಲುಗುತ್ತಿತ್ತೆಂದು 1882ರಲ್ಲಿ ಪಕ್ಕದಲ್ಲೇ ಎಂಜಿನಿಯರ್ ಡಗ್ಲಾಸ್‌ನ ಗೋಪುರ ಬಂತು. ಹಳೆಯದರ ಮೇಲ್ಭಾಗ ಪ್ಲಿಮತ್ ಊರಿಗೆ ಹೋಯಿತು, ಮೋಟು ಬುಡ ಇನ್ನೂ ಕಡಲಲ್ಲೇ ಇದೆ.

ಜೊತೆಗೆ ಕೊಡುವ ಹಾಳೆಯಲ್ಲಿ ‘ಸಿಮೆಂಟ್’ ಅಂತಿದೆ, ತಿದ್ದಿಸಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಆದದ್ದೇ 1824ರಲ್ಲಿ. ಸ್ಮೀಟನ್ ಬಳಸಿದ್ದು ಜೇಡಿ ಅಂಶವಿರುವ ವೇಲ್ಸ್‌ನ ಅಬರ್ಥಾ ಊರಿನ ಸುಣ್ಣ ಮತ್ತು ಇಟಲಿಯ ಪೊಜೊಲಾನಾ (ಜ್ವಾಲಾಮುಖಿಯ ಬೂದಿ) ಪುಡಿ, ಸಮಪಾಲು. ನೀರೊಳಗೂ ಗಟ್ಟಿಯಾಗುವ ಗಾರೆ ಅದು. ನಮ್ಮಲ್ಲಿ ಸುಣ್ಣಕ್ಕೆ ಸುರ್ಕಿ (ಇಟ್ಟಿಗೆ ಪುಡಿ) ಬೆರೆಸುತ್ತಿದ್ದುದೂ ಇದಕ್ಕೇ.

ವರಸೆಗೆ ನಾಲ್ಕರಂತೆ 6 ಮಿ.ಮೀ. ಚೌಕದ ಗುಟ್ಟ, ಕಚ್ಚಿನಲ್ಲಿ ಅರ್ಧ ಮಿ.ಮೀ. ಸಡಿಲ, ಇಳಿಜಾರು ಪೀಠ: ಇಷ್ಟನ್ನು ಚಿತ್ರ ಬರೆದೇ ಕೊಡಿ. ಒಂದು ವರಸೆ ಮಾಡಿಸಿ ನೋಡಿದ ಮೇಲೆ ಉಳಿದ ಅಡ್ವಾನ್ಸ್ ಕೊಟ್ಟರಾಯಿತು.