ಶಾಟೋ ಮಾರ್ಗೋ 2015: ಮಲೆನಾಡಿನ ಮನೆಯಲ್ಲಿ ಇಡುವುದು, ತೆರೆಯುವುದು

ಶಾಟೋ ಮಾರ್ಗೋ ಫ್ರಾನ್ಸಿನ ಬೋರ್ಡೋ ಪ್ರದೇಶದ ವೈನ್ ಎಸ್ಟೇಟ್. ಅಲ್ಲಿನ ವೈನುಗಳಿಗೆ 1855ರಲ್ಲಿ ದರ್ಜೆ ಕೊಟ್ಟಾಗಲೇ ಇದಕ್ಕೆ ಮೊದಲ ದರ್ಜೆ ಸಿಕ್ಕಿತ್ತು. 2015ರ ವೈನಿನಲ್ಲಿ 87% ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿ. ಮೊದಲು ವಯಲೆಟ್ ಹೂವಿನ ಘಮ, ಹಿಂದೆಯೇ ಕಪ್ಪು ಹಣ್ಣು. ಒಗರು ಗಟ್ಟಿಯಾಗಿಯೇ ಇದೆ, ಆದರೆ ರೇಷ್ಮೆಯ ನಯ. ಅದ್ಭುತ ವೈನು.

1983ರಲ್ಲಿ ಎಸ್ಟೇಟ್ ಸೇರಿ 2016ರಲ್ಲಿ ತೀರಿಕೊಂಡ ನಿರ್ದೇಶಕ ಪಾಲ್ ಪೊಂಟಾಲಿಯೆ ಅವರ ನೆನಪಿಗೆ 2015ರ ಬಾಟಲಿಯನ್ನೇ ಬದಲಿಸಿದ್ದಾರೆ: ಕಪ್ಪು ಗಾಜು, ಅದರ ಮೇಲೇ ಚಿನ್ನದ ಅಚ್ಚು. ಆಗುಂಬೆ ಕಡೆಯ ಮಳೆಗಾಲದಲ್ಲಿ ಕಾಗದದ ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ, ಇದಕ್ಕೆ ಆ ಕಾಟವಿಲ್ಲ. ಗಾಳಿಯ ತೇವ ಕಾರ್ಕಿಗೂ ಒಳ್ಳೆಯದೇ. ಕೆಡಿಸುವುದು ಶಿವಮೊಗ್ಗದ ಏಪ್ರಿಲ್ ಸೆಖೆ: ವೈನು ಹಿಗ್ಗಿ ಕಾರ್ಕ್ ಮೇಲೇಳುತ್ತದೆ, ರುಚಿ ಬೆಂದ ಹಣ್ಣಿನಂತಾಗುತ್ತದೆ. ಅಟ್ಟ ಬೇಡ. ವೈನ್ ಚಿಲ್ಲರಿನಲ್ಲಿ 12–14 ಡಿಗ್ರಿಗೆ ಅಡ್ಡ ಮಲಗಿಸಿ.

ತೆರೆಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಸಾಮಾನ್ಯವಾಗಿ ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಹಿಂದೆ ದೀಪ ಹಿಡಿದರೆ ಗಸಿ ಕಾಣುತ್ತದೆ. ಈ ಗಾಜಿನಲ್ಲಿ ಕಾಣುವುದು ಕಷ್ಟ. ಹಾಗಾಗಿ ಡಿಕ್ಯಾಂಟರಿಗೆ (ವೈನಿಗೆ ಗಾಳಿ ತಾಗಿಸುವ ಗಾಜಿನ ಹೂಜಿ) ಒಂದೇ ಧಾರೆಯಲ್ಲಿ ಬಗ್ಗಿಸಿ, ಕೊನೆಯ 50 ಮಿ.ಲೀ. ಬಾಟಲಿಯಲ್ಲೇ ಬಿಟ್ಟುಬಿಡಿ. ಅದರಲ್ಲಿ 3 ಗಂಟೆ ಇರಲಿ, 17 ಡಿಗ್ರಿಗೆ ಕುಡಿಯಿರಿ.

ಖಾರದ ಕೋಳಿ ಸಾರು, ಅಪ್ಪೆಮಿಡಿ ಎರಡೂ ಬೇಡ. ಖಾರ ತಾಗಿದರೆ ಒಗರು ನಾಲಿಗೆ ಕೆರೆಯುತ್ತದೆ. ಉಪ್ಪು, ತುಪ್ಪ, ಚೂರೇ ಕಾಳುಮೆಣಸು ಹಾಕಿ ಹುರಿದ ಕುರಿಮಾಂಸ, ಜೊತೆಗೆ ಬಿಸಿ ಕಡುಬು ಸರಿಯಾಗಿ ಹೊಂದುತ್ತದೆ.