ಲಸಿಕೆ ಹಾಕಿಸಿದ್ದೇನೆ ಎಂಬ ಧೈರ್ಯದಲ್ಲಿ ನಮ್ಮ ಕಾಳನನ್ನು ಕಳೆದುಕೊಂಡೆ

ಶಿರಸಿ ಕಡೆ ತೋಟದ ಮನೆಯಲ್ಲಿದ್ದು ನಾಯಿ ಸಾಕಿದವರೆಲ್ಲ ದಯವಿಟ್ಟು ಇದನ್ನು ಓದಿ.

ಮಳೆ ಹೊಳವಾಗಿತ್ತು, ಅಪರೂಪಕ್ಕೆ ಅಡಿಕೆ ಮರ ಹತ್ತುವ ಕೊನೆಗೌಡನೂ ಸಿಕ್ಕಿದ್ದ. ಅಡಿಕೆಗೆ ಕೊಳೆ ಔಷಧ ಹೊಡೆಸುವ ಗಡಿಬಿಡಿ. ಅಂದು ಕಾಳ ದೋಸೆಯನ್ನು ಮೂಸಿಯೂ ನೋಡದೆ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿತು, ಮಧ್ಯಾಹ್ನ ವಾಂತಿ ಮಾಡಿತು. ಮೈಲುತುತ್ತದ ಡ್ರಮ್ಮು ನೆಕ್ಕಿರಬೇಕು ಎಂದು ನಾನೇ ತೀರ್ಮಾನಿಸಿ ಎಳನೀರು ಕುಡಿಸಿದೆ. ಮರುದಿನ ಮೈ ಮುಟ್ಟಿದರೆ ನರಳತೊಡಗಿತು. ಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿದರೆ ಉಣ್ಣಿ ಜ್ವರ ಇರಬಹುದೆಂದು ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ಹೆಂಡತಿ ಅದರ ತುಟಿ ಎತ್ತಿ ತೋರಿಸಿದಳು. ವಸಡಿಗೂ ಕಣ್ಣಿನ ಬಿಳಿಗೂ ಅರಿಸಿನ ಮೆತ್ತಿದಂತಿತ್ತು.

ಪಶುವೈದ್ಯರು ಮೊದಲು ಕೇಳಿದ್ದು ಲಸಿಕೆಯ ಬಗ್ಗೆ. "ವರ್ಷವೂ ತಪ್ಪಿಸಿಲ್ಲ" ಎಂದೆ, ಸ್ವಲ್ಪ ಜಂಬದಿಂದಲೇ. ಕಾರ್ಡು ತೆಗೆದು ನೋಡಿದರೆ ಎಲ್ಲವೂ ರೇಬೀಸ್‌ನದು. ಕಾಳನಿಗೆ ಬಂದದ್ದು ಇಲಿಜ್ವರ, ಅದರ ಲಸಿಕೆಯೇ ಬೇರೆ ಎಂಬುದು ನನಗೆ ಗೊತ್ತಾದದ್ದು ಆಗ. ಮೂತ್ರಪಿಂಡ, ಯಕೃತ್ತು ಎರಡೂ ಸೋತಿದ್ದವು. ಡ್ರಿಪ್ಪು, ಪೆನಿಸಿಲಿನ್ ಎಲ್ಲ ಆಯಿತು. ಮೂರನೆಯ ರಾತ್ರಿ ಕಾಳ ಹೋಯಿತು.

ಇಲಿ, ಹೆಗ್ಗಣಗಳ ಮೂತ್ರದಲ್ಲಿ ಹೊರಬೀಳುವ ಲೆಪ್ಟೊಸ್ಪೈರಾ ಎಂಬ ಇಲಿಜ್ವರದ ಬ್ಯಾಕ್ಟೀರಿಯಾ ಹಸಿಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಮಳೆಗಾಲದ ನಮ್ಮ ಬಸಿಗಾಲುವೆ ಎಂದರೆ ಅದೇ ತಾನೆ? ಕಾಳ ನೀರು ಕುಡಿಯುತ್ತಿದ್ದದ್ದೂ ಹೊರಳುತ್ತಿದ್ದದ್ದೂ ಅಲ್ಲಿಯೇ. ನಿಮ್ಮ ನಾಯಿಯ ಕಾರ್ಡಿನಲ್ಲಿ ಲೆಪ್ಟೊ ಎಂದು ಬರೆದಿದೆಯೇ ಇಂದೇ ನೋಡಿ. ಹಲವು ರೋಗಗಳಿಗೆ ಒಂದೇ ಸೂಜಿಯಲ್ಲಿ ಕೊಡುವ ಲಸಿಕೆಗಳಲ್ಲೂ ಕೆಲವದರಲ್ಲಿ ಇದು ಇರುವುದಿಲ್ಲ. ಮೊದಲ ಸಲ 2ರಿಂದ 4 ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ರೋಗಾಣುವಿನ ಎಲ್ಲ ಬಗೆಗಳನ್ನೂ ಇದು ತಡೆಯುವುದಿಲ್ಲ, ಆದ್ದರಿಂದ ಕಾಲುವೆಯ ನೀರು ಕುಡಿಯಲು ಬಿಡಬೇಡಿ. ಬೆಕ್ಕುಗಳಿಗೂ ತಗಲುತ್ತದೆ. ಅವು ಕಾಯಿಲೆ ಬೀಳುವುದು ಅಪರೂಪ, ಆದರೆ ಮೂತ್ರದಲ್ಲಿ ರೋಗಾಣು ಹೊರಹಾಕಬಲ್ಲವು.

ನಾನು ಮಾಡಿದ ಇನ್ನೊಂದು ಹುಚ್ಚುತನ ಹೇಳಬೇಕು. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇಟ್ಟುಕೊಂಡು ಬರಿಗಾಲಿನಲ್ಲಿ, ಬರಿಗೈಯಲ್ಲಿ ಕಾಳನ ಮೂತ್ರ ಒರೆಸಿದ್ದೆ. ಗಾಯದ ಮೂಲಕ ಇದು ಮನುಷ್ಯರಿಗೂ ಬರುತ್ತದೆ. ವೈದ್ಯರು ನಮ್ಮಿಬ್ಬರಿಗೂ ಡಾಕ್ಸಿಸೈಕ್ಲಿನ್ ಕೊಟ್ಟು, ತಿಂಗಳೊಳಗೆ ಜ್ವರವೋ ಮೀನಖಂಡದ ನೋವೋ ಬಂದರೆ ಕೂಡಲೇ ಬನ್ನಿ ಎಂದಿದ್ದಾರೆ. ಇವತ್ತಿಗೆ ಇಪ್ಪತ್ತು ದಿನ. ಬೆಳಿಗ್ಗೆ ಎದ್ದವರೇ ಒಬ್ಬರ ಹಣೆ ಒಬ್ಬರು ಮುಟ್ಟಿ ನೋಡುತ್ತೇವೆ.