ಟೈರೋ ಕಂಡ ರೋಮ್, ಮೆಕಲೋ ಕಂಡ ರೋಮ್

ರೋಮ್ ಗಣರಾಜ್ಯದ ಪಿತೂರಿಗಳ ಬಗ್ಗೆ ಯಾವ ಕಾದಂಬರಿ ಓದಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಎರಡೇ ಹೆಸರು. ರೋಮಿನ ವಕೀಲ, ರಾಜಕಾರಣಿ ಸಿಸೆರೊ ಬಗ್ಗೆ ರಾಬರ್ಟ್ ಹ್ಯಾರಿಸ್ ಬರೆದ ಮೂರು ಪುಸ್ತಕ, ಕಾಲೀನ್ ಮೆಕಲೋ ಬರೆದ ‘ಮಾಸ್ಟರ್ಸ್ ಆಫ್ ರೋಮ್’ನ ಏಳು ಪುಸ್ತಕ.

ಹ್ಯಾರಿಸ್ ಕಥೆ ಹೇಳಿಸುವುದು ಟೈರೋನ ಬಾಯಲ್ಲಿ. ಇವನು ಸಿಸೆರೊನ ಗುಲಾಮ, ಕಾರ್ಯದರ್ಶಿ, ಶೀಘ್ರಲಿಪಿಯಲ್ಲಿ ಪಳಗಿದ ಕೈ. ಮೊದಲ ಪುಸ್ತಕ ‘ಇಂಪೀರಿಯಂ’ನಲ್ಲಿ ಸಿಸಿಲಿಯನ್ನು ದೋಚಿದ ರಾಜ್ಯಪಾಲ ವೆರೀಸ್‌ನ ಮೇಲೆ ಸಿಸೆರೊ ನಡೆಸಿದ ಕೇಸು ಬರುತ್ತದೆ, ಕ್ರಿ.ಪೂ. 70ರದ್ದು. ವಿಚಾರಣೆಯನ್ನು ಮುಂದಿನ ವರ್ಷಕ್ಕೆ ಎಳೆದರೆ ಸಾಕು, ವೆರೀಸ್‌ನ ವಕೀಲ ಹೊರ್ಟೆನ್ಸಿಯಸ್ಸೇ ಕಾನ್ಸಲ್, ಅಂದರೆ ರೋಮಿನ ಅತಿ ದೊಡ್ಡ ಅಧಿಕಾರಿ, ಆಗಿರುತ್ತಾನೆ. ಸಿಸೆರೊ ಉದ್ದನೆಯ ಭಾಷಣ ಬಿಟ್ಟು ನೇರ ಸಾಕ್ಷಿಗಳನ್ನೇ ಕರೆಸುತ್ತಾನೆ. ಕೊನೆ ಗೊತ್ತಿದ್ದೇ ಓದಿದೆ, ಆದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಮೆಕಲೋ ಇಷ್ಟು ಬೇಗ ಹಿಡಿಯುವುದಿಲ್ಲ. ‘ದ ಫಸ್ಟ್ ಮ್ಯಾನ್ ಇನ್ ರೋಮ್’ನ ಮೊದಲ ನೂರು ಪುಟ ನನಗೆ ಕಷ್ಟವಾಯಿತು. ಯಾರನ್ನು ನೋಡಿದರೂ ಗೇಯಸ್, ಲೂಸಿಯಸ್, ಕ್ವಿಂಟಸ್. ಯಾರಿಗೆ ಯಾರು ಏನಾಗಬೇಕು ಅಂತ ಹಾಳೆಯ ಮೇಲೆ ಬರೆದುಕೊಂಡು ಓದಿದೆ. ಒಳ್ಳೆಯದೇ ಆಯ್ತು. ಇವರ ರಾಜಕೀಯ ಇರುವುದೇ ಆ ನೆಂಟಸ್ತಿಕೆಯಲ್ಲಿ. ಸೇನಾನಿ ಮಾರಿಯಸ್ ಬಳಿ ದುಡ್ಡು ಬೇಕಾದಷ್ಟಿದೆ, ಮನೆತನದ ಹೆಸರಿಲ್ಲ. ಮುಂದೆ ಹುಟ್ಟುವ ಸೀಸರ್‌ನ ತಾತನಿಗೆ ಹೆಸರಿದೆ, ಗಂಡುಮಕ್ಕಳನ್ನು ಮೇಲೆ ತರಲು ಕಾಸಿಲ್ಲ. ಊಟಕ್ಕೆ ಕರೆದು, ಮಗಳನ್ನು ಕೊಡುವ ಮಾತೆತ್ತುತ್ತಾನೆ. 47 ವರ್ಷದ ಮಾರಿಯಸ್‌ಗೆ ಆಗಲೇ ಹೆಂಡತಿ ಇದ್ದಾಳೆ. ಅವಳನ್ನು ಬಿಟ್ಟು ಜೂಲಿಯಾಳ ಕೈ ಹಿಡಿಯುತ್ತಾನೆ. ಆ ಮೊದಲ ಹೆಂಡತಿ ಗ್ರೇನಿಯಾ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕಾದ ದಿನ ಒಂದಿದೆ, ಕ್ರಿ.ಪೂ. 63ರ ಡಿಸೆಂಬರ್ 5. ಆಗ ಸಿಸೆರೊನೇ ಕಾನ್ಸಲ್. ಅಧಿಕಾರ ಕಿತ್ತುಕೊಳ್ಳಲು ಕ್ಯಾಟಿಲೈನ್ ಎಂಬ ಶ್ರೀಮಂತ ಮನೆತನದವನು ಹೂಡಿದ ಪಿತೂರಿಯಲ್ಲಿ ಸಿಕ್ಕಿಬಿದ್ದ ಐವರನ್ನು ವಿಚಾರಣೆಯಿಲ್ಲದೆ ಕೊಲ್ಲಬಹುದೇ ಅಂತ ರೋಮಿನ ಹಿರಿಯರ ಸಭೆಯಾದ ಸೆನೆಟ್ ಚರ್ಚಿಸಿದ ದಿನ. ಸೀಸರ್ ಬೇಡ ಅಂದ, ಸೆನೆಟಿನ ಇನ್ನೊಬ್ಬ ಸದಸ್ಯ ಕೇಟೋ ಕೊಲ್ಲಲೇಬೇಕು ಅಂದ. ಹ್ಯಾರಿಸ್ ಅವರ ‘ಲಸ್ಟ್ರಮ್’ ಓದುವಾಗ ಸಿಸೆರೊ ಬಗ್ಗೆ ಅಯ್ಯೋ ಅನ್ನಿಸಿತು. ಮೆಕಲೋ ಅವರ ‘ಸೀಸರ್ಸ್ ವಿಮೆನ್’ನಲ್ಲಿ ಅದೇ ಸಿಸೆರೊ ಮೇಲೆ ಸಿಟ್ಟು ಬಂತು. ಮೆಕಲೋಗೆ ಸೀಸರ್ ಮೇಲೆ ಪ್ರೀತಿ ಜಾಸ್ತಿ. ಅವನ ತಪ್ಪುಗಳು ಅವರ ಕಣ್ಣಿಗೆ ಬೀಳುವುದೇ ಕಡಿಮೆ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಟೈರೋ ಹಾಗಲ್ಲ. ಯಜಮಾನನನ್ನು ಅಷ್ಟು ಹಚ್ಚಿಕೊಂಡಿದ್ದರೂ ಅವನ ಜಂಬವನ್ನೂ ರಾಜಿಗಳನ್ನೂ ಮುಚ್ಚಿಡುವುದಿಲ್ಲ.

ಹಾಗಾಗಿ ಹೊಸಬರು ಹ್ಯಾರಿಸ್‌ರಿಂದಲೇ ಶುರು ಮಾಡಲಿ. ಆದರೆ ರೋಮಿನ ಊಟದ ಮನೆಯಲ್ಲಿ ಏನು ಮಾತುಕತೆ ಕುದುರುತ್ತಿತ್ತು ಅಂತ ತಿಳಿಯಬೇಕಾದಾಗ ನನ್ನ ಕೈ ಹೋಗುವುದು ಮೆಕಲೋ ಕಡೆಗೆ. ಅದನ್ನು ಓದುವಾಗ ಹಾಳೆ, ಪೆನ್ನು ಪಕ್ಕದಲ್ಲಿರಲಿ.